ಇಪ್ಪತ್ನಾಲ್ಕರಲ್ಲಿ ಒಂದು: ಕಾರ್ ಕಿಟ್ ಕಟ್ಟುವವರ ಪ್ರಶ್ನೆಗಳು

ನಿಜವಾದ ಕಾರನ್ನು 24 ಪಟ್ಟು ಚಿಕ್ಕದು ಮಾಡಿದ ಪ್ಲಾಸ್ಟಿಕ್ ಮಾದರಿಗಳನ್ನು ಕಟ್ಟುವವರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಣ್ಣದ ಬಗ್ಗೆಯೇ ಇವೆ. ನನಗೆ ಇಷ್ಟವಾದ ವಿಷಯವೂ ಅದೇ. ಹುಬ್ಬಳ್ಳಿಯಲ್ಲಿ ನಮ್ಮ ಅಪ್ಪನದು ಟಿಂಕರಿಂಗ್-ಪೇಂಟಿಂಗ್ ಶೆಡ್ ಇತ್ತು. ಪುಟ್ಟಿ, ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ), ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಪದರ) ಎಲ್ಲ ಅಲ್ಲೇ ಕಲಿತದ್ದು. ಹಾಗಾಗಿ ಉತ್ತರಗಳಲ್ಲಿ ಶೆಡ್ಡಿನ ಮಾತು ಜಾಸ್ತಿ ಬರುತ್ತದೆ.

ಮೇಡಂ, 1/24 ಅಳತೆಯ ಜಾಗ್ವಾರ್ ಇ-ಟೈಪ್ ಕಟ್ಟಿ ಮುಗಿಸಿದೆ. ಬಣ್ಣ ಕನ್ನಡಿ ಥರ ಹೊಳೆಯುತ್ತದೆ. ಎಲ್ಲೂ ಧೂಳು ಕೂತಿಲ್ಲ. ಆದರೂ ಫೋಟೋ ತೆಗೆದರೆ ಆಟಿಕೆ ಹಾಗೆ ಕಾಣುತ್ತದೆ. ಏನು ಕಾರಣ?
– ಕಾಲೇಜು ಅಧ್ಯಾಪಕರು, ದಾವಣಗೆರೆ

ಸರ್, ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಬಣ್ಣ ಚೆನ್ನಾಗಿದೆ, ಆದರೆ ದಪ್ಪ ಇದೆ.

ಒಂದು ಲೆಕ್ಕ ಹಾಕೋಣ. ನಿಜವಾದ ಕಾರಿನ ಮೇಲೆ ಪ್ರೈಮರ್, ಬಣ್ಣ ಎಲ್ಲ ಸೇರಿ 100ರಿಂದ 150 ಮೈಕ್ರಾನ್ ಇರುತ್ತದೆ ಅನ್ನಿ. ಅದನ್ನು 24ರಿಂದ ಭಾಗಿಸಿದರೆ 4ರಿಂದ 6 ಮೈಕ್ರಾನ್. ಅಷ್ಟು ತೆಳುವಾಗಿ ಯಾರಿಗೂ ಸ್ಪ್ರೇ ಮಾಡಲು ಆಗುವುದಿಲ್ಲ. ಈಗ ಉಲ್ಟಾ ಲೆಕ್ಕ ಮಾಡಿ. ನಿಮ್ಮ ಮಾದರಿಯ ಮೇಲೆ 50 ಮೈಕ್ರಾನ್ ಬಣ್ಣ ಕೂತಿದ್ದರೆ, ಅದು ನಿಜವಾದ ಕಾರಿನ ಮೇಲೆ 1.2 ಮಿಲಿಮೀಟರ್ ಬಣ್ಣ ಬಳಿದಂತೆ. ಅಂಥ ಕಾರು ನಮ್ಮ ಶೆಡ್ಡಿಗೆ ಬಂದಿದ್ದರೆ ಅಪ್ಪ ಪೂರ್ತಿ ಕೆರೆಸಿಬಿಡುತ್ತಿದ್ದರು.

ದಪ್ಪ ಬಣ್ಣ ಮೊದಲು ಕೆಡಿಸುವುದು ಗೆರೆಗಳನ್ನು. ಬಾಗಿಲಿನ ಸುತ್ತ ನಿಜವಾದ ಕಾರಿನಲ್ಲಿ 5 ಮಿಲಿಮೀಟರ್ ಸಂದಿ ಇದ್ದರೆ, ನಿಮ್ಮ ಕಾರಿನಲ್ಲಿ ಅದು ಸುಮಾರು 0.2 ಮಿಲಿಮೀಟರ್. ಆ ಸಂದಿಯ ಎರಡೂ ಅಂಚಿಗೆ ಪ್ರೈಮರ್ ಕೂರುತ್ತದೆ, ಬಣ್ಣ ಕೂರುತ್ತದೆ, ಮೇಲಿಂದ ಕ್ಲಿಯರ್ (ಬಣ್ಣವಿಲ್ಲದ ಹೊಳಪಿನ ಪದರ) ಕೂರುತ್ತದೆ. ಕೊನೆಗೆ ಉಳಿಯುವುದು ಒಂದು ಸಣ್ಣ ತಗ್ಗು ಮಾತ್ರ. ಇ-ಟೈಪ್‌ನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಅದರ ಬಾನೆಟ್ ಮುಂದಿನ ಮಡ್‌ಗಾರ್ಡ್‌ಗಳ ಸಮೇತ ಒಂದೇ ತುಂಡು, ಇಡಿಯಾಗಿ ಮುಂದಕ್ಕೆ ಏಳುತ್ತದೆ. ಅದರ ಹಿಂದಿನ ಅಂಚು ಬಾಗಿಲಿಗೆ ಸ್ವಲ್ಪ ಮುಂದೆ ಗೆರೆಯಾಗಿ ಇಳಿಯುತ್ತದೆ. ನಿಮ್ಮ ಕಾರಿನಲ್ಲಿ ಆ ಗೆರೆ ಮುಚ್ಚಿಹೋಗಿದೆ. 18 ಸೆಂಟಿಮೀಟರ್ ಚಿಲ್ಲರೆ ಉದ್ದದ ಬಾಡಿಯಲ್ಲಿ ಕಣ್ಣು ಹುಡುಕುವುದೇ ಇಂಥ ಗೆರೆಗಳನ್ನು. ಸಿಗದಿದ್ದರೆ ಅದು ಆಟಿಕೆ ಅನ್ನಿಸಿಬಿಡುತ್ತದೆ.

ಮುಂದಿನ ಕಾರಿಗೆ ಹೀಗೆ ಮಾಡಿ. ಡಬ್ಬ ತೆರೆದ ತಕ್ಷಣ ಬಾಡಿಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆ ಅದರ ಮೇಲೆ ಉಳಿದಿರಬಹುದು. ಆಮೇಲೆ ಅಚ್ಚು ಸೇರುವ ಕಡೆ ಎದ್ದಿರುವ ಸಣ್ಣ ಏಣನ್ನು ವಾಟರ್ ಪೇಪರ್ ಹಿಡಿದು ತೆಗೆಯಿರಿ. ನಂತರ ಬಾಗಿಲು, ಬಾನೆಟ್, ಡಿಕ್ಕಿಯ ಗೆರೆಗಳನ್ನೆಲ್ಲ ಆಳ ಮಾಡಿ. ಕಟ್ಟರ್ ಬ್ಲೇಡಿನ ಮೊಂಡು ಬೆನ್ನು ಸಾಕು. ಒತ್ತಬೇಡಿ. ಹಗುರಾಗಿ ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಎಳೆಯಿರಿ. ಕೈ ಜಾರುವ ಭಯ ಇದ್ದರೆ ಗೆರೆಯ ಪಕ್ಕ ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳಿ. ಬಣ್ಣ ಬಿದ್ದ ಮೇಲೆ ಈ ಕೆಲಸ ಮಾಡಲು ಹೋದರೆ ಅಂಚು ಸಿಬಿರೇಳುತ್ತದೆ.

ಸ್ಪ್ರೇ ಮಾಡುವಾಗ ಮೊದಲ ಎರಡು ಕೋಟ್ ಮಂಜಿನ ಹಾಗೆ ಬೀಳಲಿ. ಕೆಳಗಿನ ಪ್ರೈಮರ್ ಅಲ್ಲಲ್ಲಿ ಕಾಣುತ್ತಿರಲಿ, ಪರವಾಗಿಲ್ಲ. ಸ್ವಲ್ಪ ಒಣಗಿದ ಮೇಲೆ ಒಂದೇ ಒಂದು ಒದ್ದೆ ಕೋಟ್. ಕ್ಯಾನ್ ಒತ್ತುವುದು ಬಾಡಿಯ ಹೊರಗೆ ಶುರುವಾಗಬೇಕು, ಬಿಡುವುದೂ ಹೊರಗೇ ಆಗಬೇಕು. ಬಾಡಿಯ ಮೇಲೆ ಕೈ ನಿಂತರೆ ಅಲ್ಲಿ ಬಣ್ಣ ಇಳಿಯುತ್ತದೆ.

ಇನ್ನು ಕ್ಲಿಯರ್ ವಿಷಯ. ಇದು ನನ್ನ ಗಟ್ಟಿ ಅಭಿಪ್ರಾಯ. 1961ರಲ್ಲಿ ಬಂದ ಕಾರಿಗೆ ಈಗಿನ ಥರ ಬೇಸ್ ಕೋಟ್ ಮೇಲೆ ಕ್ಲಿಯರ್ ಕೋಟ್ ಪದ್ಧತಿ ಇರಲಿಲ್ಲ. ಮೆಟಾಲಿಕ್ ಅಲ್ಲದ ಬಣ್ಣವಾದರೆ ಕ್ಲಿಯರ್ ಬಿಟ್ಟುಬಿಡಿ. ಬಣ್ಣ ಒಂದು ವಾರ ಚೆನ್ನಾಗಿ ಗಟ್ಟಿಯಾಗಲಿ. ಆಮೇಲೆ 2000 ನಂಬರಿನಿಂದ ಮೇಲಿನ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿ, ಕಾಂಪೌಂಡ್ ಹಾಕಿ ಪಾಲಿಶ್ ಮಾಡಿ. ಎತ್ತರದ ಅಂಚುಗಳನ್ನು ಮಾತ್ರ ಮುಟ್ಟಬೇಡಿ, ಅಲ್ಲಿ ಬಣ್ಣ ಬೇಗ ಹೋಗುತ್ತದೆ. ಹೀಗೆ ಬರುವ ಹೊಳಪು ಗಾಜಿನ ಹೊಳಪಿಗಿಂತ ಸ್ವಲ್ಪ ಮೆತ್ತಗಿರುತ್ತದೆ. ಆ ಕಾಲದ ಕಾರಿಗೆ ಒಪ್ಪುವುದು ಅದೇ.

ಮೆಟಾಲಿಕ್ ಬಣ್ಣಕ್ಕೂ ಇದೇ ಲೆಕ್ಕ. ಕಾರಿನ ಟಚ್-ಅಪ್ ಕ್ಯಾನಿನಲ್ಲಿರುವ ಮಿನುಗು ಕಣ ಕಣ್ಣಿಗೆ ಪುಡಿಯಂತೆ ಕಾಣುತ್ತದೆ. 24 ಪಟ್ಟು ದೊಡ್ಡದು ಮಾಡಿ ಯೋಚಿಸಿ, ಆಗ ಅದು ಎಷ್ಟು ದಪ್ಪ ಅಂತ ಗೊತ್ತಾಗುತ್ತದೆ. ಮಾಡೆಲ್‌ಗಾಗಿಯೇ ಮಾಡಿದ ನುಣ್ಣನೆ ಬೆಳ್ಳಿ ಬಣ್ಣವನ್ನೇ ಬಳಸಿ.

ಜುಲೈನಲ್ಲಿ ಪೋರ್ಷೆ 911ಕ್ಕೆ ಹೊಳೆಯುವ ಕಪ್ಪು ಸ್ಪ್ರೇ ಮಾಡಿದೆ. ಒಣಗುತ್ತಾ ಬಂದಂತೆ ಮೇಲೆಲ್ಲ ಬಿಳಿ ಮಂಜು ಕವಿಯಿತು. ಕ್ಯಾನ್ ಹಾಳಾಗಿತ್ತಾ? ಬಣ್ಣ ಪೂರ್ತಿ ತೆಗೆಯಬೇಕಾ?
– ಓದುಗರು, ಮಂಗಳೂರು

ಕ್ಯಾನ್ ಚೆನ್ನಾಗಿಯೇ ಇದೆ. ಬಣ್ಣ ತೆಗೆಯಬೇಡಿ. ಇದು ಮಳೆಗಾಲದ ಕೆಲಸ.

ಲ್ಯಾಕರ್ ಬಣ್ಣದೊಳಗಿನ ಥಿನ್ನರ್ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಬಾಡಿಯ ಮೇಲ್ಮೈ ತಣ್ಣಗಾಗುತ್ತದೆ. ಕ್ಯಾನಿನಿಂದ ಹೊರಬರುವ ಗ್ಯಾಸ್ ಕೂಡ ತಣ್ಣಗೇ ಇರುತ್ತದೆ. ಜುಲೈನ ಮಂಗಳೂರಿನಲ್ಲಿ ಗಾಳಿ ತುಂಬ ನೀರೇ ಅಲ್ವಾ? ತಣ್ಣಗಾದ ಬಣ್ಣದ ಮೇಲೆ ಆ ತೇವ ಬಂದು ಕೂರುತ್ತದೆ, ಒಣಗುವ ಬಣ್ಣದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನಿಮಗೆ ಕಂಡ ಬಿಳುಪು ಅದೇ. ಕಪ್ಪು ಬಣ್ಣದಲ್ಲಿ ಜಾಸ್ತಿ ಕಾಣುತ್ತದೆ.

ಒಣ ಹವೆ ಇರುವ ದಿನ, ಮಧ್ಯಾಹ್ನದ ಹೊತ್ತಿಗೆ, ಅದೇ ಬಣ್ಣದ ಒಂದು ತೆಳು ಕೋಟ್ ಮತ್ತೆ ಹಾಕಿ. ಕೆಳಗಿನ ಬಣ್ಣ ಸ್ವಲ್ಪ ಕರಗಿ, ಸಿಕ್ಕಿಕೊಂಡ ತೇವ ಹೊರಗೆ ಹೋಗುತ್ತದೆ. ಮಂಜು ತೆಳುವಾಗಿದ್ದರೆ ಕಾಂಪೌಂಡ್ ಹಾಕಿ ಉಜ್ಜಿದರೂ ಸಾಕು. ಏರ್‌ಬ್ರಷ್ (ಗಾಳಿಯಿಂದ ಬಣ್ಣ ಚಿಮ್ಮಿಸುವ ಪುಟ್ಟ ಗನ್) ಇದ್ದವರು ನಿಧಾನ ಒಣಗುವ ಲೆವೆಲಿಂಗ್ ಥಿನ್ನರ್ ಬೆರೆಸಿಕೊಳ್ಳಿ. ಗ್ಯಾರೇಜುಗಳಲ್ಲಿ ಮಳೆಗಾಲದಲ್ಲಿ ರಿಟಾರ್ಡರ್ ಹಾಕುವುದೂ ಇದಕ್ಕೇ. ಆದರೆ ಗ್ಯಾರೇಜಿನ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರನ್ನು ಕಿಟ್ ಮೇಲೆ ನೇರವಾಗಿ ಬಳಸಬೇಡಿ. ಅದು ಖಾರ, ಪ್ರೈಮರ್ ಇಲ್ಲದ ಪ್ಲಾಸ್ಟಿಕ್ಕನ್ನು ತಿಂದು ಸಣ್ಣ ಸಣ್ಣ ಬಿರುಕು ಬಿಡಿಸುತ್ತದೆ. ಬಿಡಿಭಾಗಗಳು ಅಂಟಿಕೊಂಡು ಬಂದ ಚೌಕಟ್ಟು ಉಳಿದಿರುತ್ತದಲ್ಲ, ಅದರ ಮೇಲೆ ಮೊದಲು ಪರೀಕ್ಷೆ ಮಾಡಿ.

ತೇವ ತೋರಿಸುವ ಪುಟ್ಟ ಮೀಟರ್ ಒಂದು ತಂದಿಟ್ಟುಕೊಳ್ಳಿ. 65 ಶೇಕಡ ದಾಟಿದ ದಿನ ನಾನು ಹೊಳೆಯುವ ಬಣ್ಣ ಮುಟ್ಟುವುದಿಲ್ಲ. ನಿಮ್ಮ ಊರಲ್ಲಿ ಹೀಗೆ ಮಾಡಿದರೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಗೊತ್ತು. ಮಳೆಗಾಲದಲ್ಲಿ ಇಂಜಿನ್, ಸೀಟು, ಡ್ಯಾಶ್‌ಬೋರ್ಡ್ ಕೆಲಸ ಮುಗಿಸಿ. ಬಾಡಿಯ ಬಣ್ಣಕ್ಕೆ ಡಿಸೆಂಬರ್ ಬರಲಿ.

ಫೆರಾರಿ ಕಿಟ್‌ಗೆ ಇಟಾಲಿಯನ್ ರೆಡ್ ಹಾಕಿದರೆ ಬಾಡಿಯ ಮೇಲೆ ಒಣಗಿದ ಮೆಣಸಿನಕಾಯಿ ಬಣ್ಣ ಬಂತು. ಮುಚ್ಚಳದ ಮೇಲಿನ ಬಣ್ಣವೇ ಬೇರೆ.
– ಓದುಗರು, ಬೆಳಗಾವಿ

ನೀವು ಬೂದು ಪ್ರೈಮರ್ ಮೇಲೆ ಹಾಕಿರಬೇಕು. ಕೆಂಪು ಮತ್ತು ಹಳದಿ ಪೂರ್ತಿ ಮುಚ್ಚುವ ಬಣ್ಣಗಳಲ್ಲ. ಬೆಳಕು ಅವುಗಳ ಒಳಗೆ ಹೋಗಿ, ಕೆಳಗಿನ ಬಣ್ಣಕ್ಕೆ ತಾಗಿ ವಾಪಸ್ ಬರುತ್ತದೆ. ಕೆಳಗೆ ಬೂದು ಇದ್ದರೆ ಕೆಂಪು ಸಾಯುತ್ತದೆ. ಬಿಳಿ ಪ್ರೈಮರ್ ಹಾಕಿ. ಗುಲಾಬಿ ಪ್ರೈಮರ್ ಸಿಕ್ಕಿದರೆ ಇನ್ನೂ ಒಳ್ಳೆಯದು, ಜಪಾನಿನ ಕಿಟ್ ಕಂಪನಿ ತಾಮಿಯಾದವರದೇ ಬರುತ್ತದೆ. ಎರಡು ತೆಳು ಕೋಟಿನಲ್ಲೇ ಕೆಂಪು ಏಳುತ್ತದೆ.

ಇದರ ಉಲ್ಟಾ ತೊಂದರೆಯೂ ಇದೆ. ಕೆಲವು ಕಿಟ್‌ಗಳ ಪ್ಲಾಸ್ಟಿಕ್ಕೇ ಕೆಂಪು. ಅದರ ಮೇಲೆ ಬಿಳಿ ಅಥವಾ ಹಳದಿ ಹಾಕಿದರೆ ಕೆಂಪು ರಂಗು ಮೇಲೇರಿ ಗುಲಾಬಿ ಇಲ್ಲವೇ ಕಿತ್ತಳೆ ಮಾಡಿಬಿಡುತ್ತದೆ. ಅಂಥ ಬಾಡಿಗೆ ಮೊದಲು ಬೆಳ್ಳಿ ಬಣ್ಣದ ಒಂದು ಕೋಟ್ ಹಾಕಿ ತಡೆಯಿರಿ.

ನಾನು 250 ಜಿಟಿಒ ಕಟ್ಟುತ್ತಿದ್ದೇನೆ. ಮಗಳು ಹಸಿರು ಬಣ್ಣ ಹಾಕು ಅನ್ನುತ್ತಾಳೆ. ಫೆರಾರಿಗೆ ಕೆಂಪು ಬಿಟ್ಟು ಬೇರೆ ಹಾಕಿದರೆ ತಪ್ಪಾಗುತ್ತದಲ್ವಾ?
– ಓದುಗರು, ತುಮಕೂರು

ಮಗಳ ಮಾತು ಕೇಳಿ! ಹಸಿರು ಜಿಟಿಒ ನಿಜವಾಗಿಯೂ ಇತ್ತು.

ಹಿಂದೆ ರೇಸಿನಲ್ಲಿ ಬಣ್ಣ ದೇಶದ ಗುರುತಾಗಿತ್ತು. ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ, ಬ್ರಿಟನ್ನಿಗೆ ಹಸಿರು, ಬೆಲ್ಜಿಯಂಗೆ ಹಳದಿ, ಜರ್ಮನಿಗೆ ಬಿಳಿ, ಆಮೇಲೆ ಬೆಳ್ಳಿ. 1960ರ ದಶಕದಲ್ಲಿ ಹೋಂಡಾ ಫಾರ್ಮುಲಾ ಒನ್‌ಗೆ ಬಂದಾಗ ಬಿಳಿ ಕಾರಿನ ಮೇಲೆ ಕೆಂಪು ಸೂರ್ಯ ಇತ್ತು. ಫೆರಾರಿ ಕಂಪನಿಯ ಸ್ವಂತ ತಂಡದ ಕಾರುಗಳು ಕೆಂಪಗಿದ್ದವು. ಆದರೆ ಬೇರೆ ದೇಶದ ತಂಡ ಕಾರು ಕೊಂಡರೆ ತನ್ನ ಬಣ್ಣ ಹಾಕಿಸಿಕೊಳ್ಳುತ್ತಿತ್ತು.

250 ಜಿಟಿಒ 1962ರಿಂದ 1964ರವರೆಗೆ 36 ಮಾತ್ರ ತಯಾರಾದವು. ಅದರಲ್ಲಿ ಒಂದನ್ನು ಬ್ರಿಟನ್ನಿನ ಯುಡಿಟಿ-ಲೇಸ್ಟಾಲ್ ತಂಡ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್‌ಗಾಗಿ ತರಿಸಿತು. ಬಣ್ಣ ತೆಳು ಹಸಿರು. ಅದನ್ನು ಓಡಿಸುವ ಮೊದಲೇ, 1962ರ ಏಪ್ರಿಲ್‌ನಲ್ಲಿ, ಇಂಗ್ಲೆಂಡಿನ ರೇಸ್ ಟ್ರ್ಯಾಕ್ ಗುಡ್‌ವುಡ್‌ನಲ್ಲಿ ಓಡಿಸುತ್ತಿದ್ದ ಲೋಟಸ್ ಕಾರು ಅಪಘಾತಕ್ಕೀಡಾಗಿ ಮಾಸ್‌ಗೆ ಭಾರೀ ಪೆಟ್ಟಾಯಿತು. ಅವರ ಅಗ್ರಮಟ್ಟದ ರೇಸಿಂಗ್ ಬದುಕು ಅಲ್ಲಿಗೇ ಮುಗಿಯಿತು. ಅದೇ ವರ್ಷ, ಅದೇ ಗುಡ್‌ವುಡ್‌ನಲ್ಲಿ, ಚಾಲಕ ಇನ್ನೆಸ್ ಐರ್ಲೆಂಡ್ ಆ ಹಸಿರು ಕಾರಿನಲ್ಲಿ ಟೂರಿಸ್ಟ್ ಟ್ರೋಫಿ ರೇಸ್ ಗೆದ್ದರು.

ನಾನು ಯಾವ ಕಿಟ್ ಹಿಡಿದರೂ ಮೊದಲು ಕೇಳಿಕೊಳ್ಳುವುದು ಇದನ್ನೇ: ಇದು ಯಾವ ಕಾರು, ಯಾವ ದಿನದ್ದು? ಸುಮ್ನೆ "ಒಂದು ಫೆರಾರಿ" ಅಂತ ಕಟ್ಟಲು ಹೋದರೆ ಹೆಜ್ಜೆ ಹೆಜ್ಜೆಗೂ ಅನುಮಾನ. ಒಂದು ದಿನದ ಒಂದೇ ಕಾರು ಅಂತ ತೀರ್ಮಾನಿಸಿದರೆ ನಂಬರ್, ಚಕ್ರ, ಕನ್ನಡಿ, ಧೂಳು ಎಲ್ಲ ತಾನಾಗಿ ತೀರ್ಮಾನವಾಗುತ್ತದೆ. ಆ ದಿನದ ಕಪ್ಪು-ಬಿಳುಪು ಫೋಟೋಗಳನ್ನು ಹುಡುಕಿ. ಈಗ ಹರಾಜಿಗೆ ಬರುವ ಹಳೆ ಕಾರುಗಳ ಫೋಟೋ ನೋಡಿ ಕಟ್ಟಬೇಡಿ. ಅವು ಹುಟ್ಟಿದ ದಿನಕ್ಕಿಂತ ಜಾಸ್ತಿ ಹೊಳೆಯುತ್ತವೆ.

ಇನ್ನೊಂದು ಮಾತು. ಜಿಟಿಒಗೆ ಬೊರಾನಿ ಕಂಪನಿಯ ತಂತಿ ಚಕ್ರಗಳು. ಪ್ಲಾಸ್ಟಿಕ್ಕಿನ ಕಡ್ಡಿಗಳು ದಪ್ಪ ಇರುತ್ತವೆ. ಬೆಳ್ಳಿ ಬಣ್ಣ ಒಣಗಿದ ಮೇಲೆ ನೀರಾಗಿಸಿದ ಕಪ್ಪು ಎನಾಮಲ್ ಕಡ್ಡಿಗಳ ಸಂದಿಗೆ ಬಿಡಿ. ಕಡ್ಡಿ ತೆಳ್ಳಗೆ ಕಾಣುತ್ತದೆ. ಬಾಗಿಲಿನ ಗೆರೆಗೂ ಹೀಗೇ ಮಾಡಬಹುದು, ಆದರೆ ತೆಳು ಹಸಿರಿನ ಮೇಲೆ ಕಪ್ಪು ಬೇಡ, ಗಾಢ ಬೂದು ಸಾಕು.

ಅಕ್ಕಾ, ನಮ್ಮ ಯಜಮಾನರು ಊಟದ ಮನೆಯಲ್ಲೇ ಸ್ಪ್ರೇ ಮಾಡುತ್ತಾರೆ. ಕಿಟಕಿ ತೆಗೆದಿದ್ದೇನೆ, ಕರ್ಚೀಫ್ ಕಟ್ಟಿದ್ದೇನೆ ಅನ್ನುತ್ತಾರೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ. ಇಷ್ಟು ಸಾಕಾ?
– ಗೃಹಿಣಿ, ಧಾರವಾಡ

ಸಾಲದು ತಂಗಿ, ಖಂಡಿತ ಸಾಲದು. ಈ ಉತ್ತರವನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ.

ನಮ್ಮ ಶೆಡ್ಡಿನಲ್ಲಿ ಎಲ್ಲರೂ ಕರ್ಚೀಫ್ ಕಟ್ಟಿಕೊಂಡೇ ಗನ್ ಹಿಡಿಯುತ್ತಿದ್ದರು. ಕರ್ಚೀಫ್ ಒರಟು ಧೂಳು ತಡೆಯುತ್ತದೆ, ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಆಸ್ಪತ್ರೆಯ ಮಾಸ್ಕ್ ಕೂಡ ಅಷ್ಟೇ. ಆವಿಗಾಗಿಯೇ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬರುತ್ತದೆ, ಎರಡು ಕೆನ್ನೆಗೂ ಒಂದೊಂದು ಡಬ್ಬಿ ಇರುತ್ತದಲ್ಲ, ಅದು. ಅದನ್ನು ಹಾಕಿಕೊಂಡಾಗ ವಾಸನೆ ಬಂತು ಅಂದರೆ ಕಾರ್ಟ್ರಿಜ್ ಬದಲಿಸುವ ಹೊತ್ತಾಯಿತು, ಇಲ್ಲವೇ ಮಾಸ್ಕ್ ಸರಿಯಾಗಿ ಕೂತಿಲ್ಲ ಅಂತ ಅರ್ಥ.

ಸ್ಪ್ರೇ ಕೆಲಸ ತಾರಸಿಗೆ ಹೋಗಲಿ. ಬಣ್ಣ ಹಾಕಿದ ಬಾಡಿಯೂ ಮನೆಯೊಳಗೆ ಒಣಗುವುದು ಬೇಡ, ಒಣಗುವಾಗಲೂ ಆವಿ ಬರುತ್ತಲೇ ಇರುತ್ತದೆ. ಹತ್ತಿರ ದೀಪ, ಒಲೆ, ಬೀಡಿ ಏನೂ ಇರಬಾರದು. ಗಟ್ಟಿಕಾರಕ ಬೆರೆಸುವ 2ಕೆ ಕ್ಲಿಯರ್ ಮಾತ್ರ ಮನೆಯ ಹತ್ತಿರವೂ ತರಬೇಡಿ. ಅದರಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಅದು ಆಸ್ತಮಾ ತರಿಸಬಲ್ಲದು. ಹೊಳಪಿಗೆ ಬೇರೆ ದಾರಿಗಳಿವೆ.

ಆಂಟಿ, ನನಗೆ 13 ವರ್ಷ. ಸ್ಪ್ರೇ ಇಲ್ಲ. ಬ್ರಷ್‌ನಿಂದ ಕಾರ್ ಬಾಡಿಗೆ ಬಣ್ಣ ಹಚ್ಚಬಹುದಾ?
– ವಿದ್ಯಾರ್ಥಿ, ಶಿವಮೊಗ್ಗ

ಹಚ್ಚಬಹುದು ಪುಟ್ಟ. ನೀರಿನ ಅಕ್ರಿಲಿಕ್ ತಗೊ. ಅಗಲವಾದ ಮೆತ್ತನೆ ಬ್ರಷ್ ಇರಲಿ. ಬಣ್ಣವನ್ನು ಸ್ವಲ್ಪ ತೆಳು ಮಾಡಿಕೊಂಡು ಒಂದು ಕೋಟ್ ಉದ್ದಕ್ಕೆ, ಅದು ಪೂರ್ತಿ ಒಣಗಿದ ಮೇಲೆ ಇನ್ನೊಂದು ಅಡ್ಡಕ್ಕೆ ಹಚ್ಚು. ಹಚ್ಚಿದ ಜಾಗಕ್ಕೆ ಒದ್ದೆ ಇರುವಾಗ ಮತ್ತೆ ಬ್ರಷ್ ತಾಗಿಸಬೇಡ. ಬಾಡಿಯನ್ನೇ ಬಣ್ಣದ ಪ್ಲಾಸ್ಟಿಕ್‌ನಲ್ಲಿ ಕೊಡುವ ಕಿಟ್‌ಗಳೂ ಇವೆ. ರೆವೆಲ್‌ನವರ ಇ-ಟೈಪ್ ರೋಡ್‌ಸ್ಟರ್‌ನಲ್ಲಿ ಅಂಟು ಬೇಡದ, ಒತ್ತಿ ಕೂಡಿಸುವ ಕಿಟ್ ಬರುತ್ತದೆ. ಮೊದಲು ಅಂಥದ್ದು ಕಟ್ಟು. ಚಾಕು ಬಳಸುವಾಗ ಬ್ಲೇಡ್ ಯಾವತ್ತೂ ನಿನ್ನಿಂದ ಆಚೆಗೆ ಹೋಗಬೇಕು.

ತಾಮಿಯಾದ ಮರ್ಸಿಡಿಸ್ 300 ಎಸ್‌ಎಲ್ ಕಟ್ಟುತ್ತಿದ್ದೇನೆ. ಒಳಗಿನ ಕೊಳವೆ ಚೌಕಟ್ಟು ಬಾಡಿ ಕೂರಿಸಿದ ಮೇಲೆ ಬಹುಪಾಲು ಮುಚ್ಚಿಹೋಗುತ್ತದೆ. ಕಾಣದ ಭಾಗಕ್ಕೆ ಅಷ್ಟು ಕಷ್ಟಪಡಬೇಕಾ?
– ಓದುಗರು, ಕಲಬುರಗಿ

ಪಡಬೇಕು. ಆ ಕಾರಿನ ಜೀವವೇ ಆ ಚೌಕಟ್ಟು. ತೆಳು ಕೊಳವೆಗಳನ್ನು ಬೆಸೆದು ಹಗುರ ಮಾಡಿದರು. ಗಟ್ಟಿಯಾಗಿ ನಿಲ್ಲಬೇಕಾದರೆ ಪಕ್ಕದ ಕೊಳವೆಗಳು ಎತ್ತರಕ್ಕೆ ಬರಬೇಕಾಯಿತು. ಆಗ ಮಾಮೂಲಿ ಬಾಗಿಲು ಇಡಲು ಜಾಗವೇ ಉಳಿಯಲಿಲ್ಲ. ಹಾಗಾಗಿ ಬಾಗಿಲು ಚಾವಣಿಗೆ ಕೀಲು ಹಾಕಿ ಮೇಲಕ್ಕೆ ತೆರೆಯುವಂತಾಯಿತು. ಬಾನೆಟ್ ತಗ್ಗಾಗಿರಲಿ ಅಂತ ಇಂಜಿನ್ನನ್ನೂ 50 ಡಿಗ್ರಿ ಎಡಕ್ಕೆ ವಾಲಿಸಿದರು. 1954ರಿಂದ 1957ರವರೆಗೆ ಇಂಥ 1,400 ಕೂಪೆಗಳು (ಗಟ್ಟಿ ಚಾವಣಿಯ ಕಾರುಗಳು) ಬಂದವು. ಎಲ್ಲರೂ ಮೆಚ್ಚುವ ಆ ರೆಕ್ಕೆ ಬಾಗಿಲು ಯಾಕೆ ಹಾಗಿದೆ ಅನ್ನುವುದು ನಿಮ್ಮ ಕೈಗೆ ಗೊತ್ತಾಗುವುದು ಆ ಕೊಳವೆಗಳನ್ನು ಕೂಡಿಸುವಾಗಲೇ. ಅಲ್ಲದೆ ಒಂದು ಕೊಳವೆ ಸೊಟ್ಟಗೆ ಕೂತರೆ ಬಾಡಿ ಸರಿಯಾಗಿ ಇಳಿಯುವುದಿಲ್ಲ. ಅಂಟು ಹಾಕುವ ಮೊದಲು ಪ್ರತಿ ಸಲ ಒಣದಾಗಿ ಕೂಡಿಸಿ ನೋಡಿ.

ಶ್ರೀರಂಗಪಟ್ಟಣದ ಹತ್ತಿರದ ಪಯಣ ಸಂಗ್ರಹಾಲಯದಲ್ಲಿ ಹಳೆ ಕಾರುಗಳ ಬಂಪರ್ ನೋಡಿ ಬಂದೆ. ಆಮೇಲೆ ನನ್ನ ಕಿಟ್‌ನ ಕ್ರೋಮ್ ನೋಡಿದರೆ ತಗಡಿನ ಥರ ಅನ್ನಿಸುತ್ತಿದೆ.
– ಓದುಗರು, ಮೈಸೂರು

ಕಿಟ್‌ನ ಕ್ರೋಮ್ ಅಚ್ಚಿನ ಗೆರೆಯನ್ನೂ ಸೇರಿಸಿ ಹೊಳೆಸಿಬಿಡುತ್ತದೆ, ಅದಕ್ಕೇ ಹಾಗೆ. ಅದನ್ನು ತೆಗೆದುಬಿಡಿ. ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣದಲ್ಲಿ ಮುಳುಗಿಸಿಟ್ಟರೆ ಕ್ರೋಮ್ ಬಿಟ್ಟುಕೊಳ್ಳುತ್ತದೆ. ಆ ಪಾತ್ರೆಗೆ ಬಾತ್‌ರೂಮ್ ಆಸಿಡ್ ಮಾತ್ರ ತಾಗಬಾರದು, ಎರಡೂ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ನಂತರ ಗೆರೆ ಉಜ್ಜಿ, ಹೊಳೆಯುವ ಕಪ್ಪು ಬಣ್ಣ ಹಾಕಿ, ಪೂರ್ತಿ ಗಟ್ಟಿಯಾದ ಮೇಲೆ ಮೊಲೊಟೊವ್ ಕಂಪನಿಯ ಲಿಕ್ವಿಡ್ ಕ್ರೋಮ್ ಹಚ್ಚಿ. ಹಚ್ಚಿದ್ದನ್ನು ಹಲವು ದಿನ ಮುಟ್ಟಬೇಡಿ, ಬೆರಳು ತಾಗಿದರೆ ಹೊಳಪು ಹೋಗುತ್ತದೆ.

ಕಿಟಕಿ ಸುತ್ತಲ ಪಟ್ಟಿಗೆ ಬೇರ್-ಮೆಟಲ್ ಫಾಯಿಲ್ (ಹಿಂದೆ ಅಂಟಿರುವ ತೀರಾ ತೆಳು ಲೋಹದ ಹಾಳೆ) ಒಳ್ಳೆಯದು. ಅಂಟಿಸಿ, ಕಿವಿ ಕಡ್ಡಿಯಿಂದ ಒತ್ತಿ, ಹೊಸ ಬ್ಲೇಡಿನಿಂದ ಅಂಚು ಕತ್ತರಿಸಿ. ಅಡುಗೆ ಫಾಯಿಲ್ ಬೇಡ, ಅದು ದಪ್ಪ.

ನಾನು ನಗೋಯಾದಲ್ಲಿ ಕೆಲಸ ಮಾಡುತ್ತಿದ್ದೇನೆ. ಹಾಸನದಲ್ಲಿರುವ ತಮ್ಮನಿಗೆ ಮಾಡೆಲ್ ಹುಚ್ಚು. ಊರಿಗೆ ಬರುವಾಗ ತಾಮಿಯಾ ಸ್ಪ್ರೇ ಕ್ಯಾನ್ ತರಲಾ?
– ಓದುಗರು, ನಗೋಯಾ

ಬೇಡ. ಬೇಗ ಹೊತ್ತಿಕೊಳ್ಳುವ ಬಣ್ಣದ ಕ್ಯಾನನ್ನು ವಿಮಾನದಲ್ಲಿ ಕೈಚೀಲದಲ್ಲೂ ತರುವಂತಿಲ್ಲ, ಚೆಕ್-ಇನ್ ಸೂಟ್‌ಕೇಸಿನಲ್ಲೂ ತರುವಂತಿಲ್ಲ. ಲ್ಯಾಕರ್ ಬಾಟಲಿ, ಥಿನ್ನರ್, ಅಂಟು ಕೂಡ ಬೇಡ. ಒಣ ಸಾಮಾನು ತನ್ನಿ: ಕಿಟ್, ಮಾಸ್ಕಿಂಗ್ ಟೇಪ್, ನುಣ್ಣನೆ ಪೇಪರ್, ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತುಗಳು).

ಅದಕ್ಕಿಂತ ದೊಡ್ಡ ಉಡುಗೊರೆ ನಿಮ್ಮ ಪಕ್ಕದಲ್ಲೇ ಇದೆ. ನಗಾಕುತೆಯ ಟೊಯೋಟಾ ಆಟೊಮೊಬೈಲ್ ಮ್ಯೂಸಿಯಂನಲ್ಲಿ 2000ಜಿಟಿ ನಿಂತಿದೆ. 1967ರಿಂದ 1970ರವರೆಗೆ ಯಮಾಹಾ ಜೊತೆ ಸೇರಿ ಮಾಡಿದ ಕಾರು. ಅದರ ಫೋಟೋ ತೆಗೆದು ತಮ್ಮನಿಗೆ ಕಳಿಸಿ. ಇಡೀ ಕಾರಿನ ಚಂದದ ಫೋಟೋ ಎಲ್ಲ ಕಡೆ ಸಿಗುತ್ತದೆ. ಕಟ್ಟುವವರಿಗೆ ಬೇಕಾದದ್ದು ಬೇರೆ: ಬಾಗಿಲಿನ ಸಂದಿ ಹತ್ತಿರದಿಂದ, ಚಕ್ರದ ಲೋಹದ ಬಣ್ಣ, ಕಿಟಕಿಯ ರಬ್ಬರ್ ಎಷ್ಟು ಅಗಲ, ಡ್ಯಾಶ್‌ಬೋರ್ಡ್ ಮರದ ನಾರು ಯಾವ ಕಡೆ ಓಡುತ್ತದೆ. ಒಳಗೆ ಫ್ಲ್ಯಾಶ್ ಹಾಕಬೇಡಿ, ಬಣ್ಣ ಸುಳ್ಳು ಹೇಳುತ್ತದೆ. ಮೇ ತಿಂಗಳಲ್ಲಿ ಬಿಡುವಿದ್ದರೆ ಶಿಜುವೊಕಾಗೆ ಹೋಗಿ. ತಾಮಿಯಾ, ಹಸೆಗಾವಾ, ಅಓಶಿಮಾ, ಫುಜಿಮಿ ನಾಲ್ಕೂ ಕಿಟ್ ಕಂಪನಿಗಳು ಆ ಸೀಮೆಯವೇ. ಅಲ್ಲಿನ ಹಾಬಿ ಶೋ ನಡೆಯುವುದು ಆ ತಿಂಗಳಲ್ಲೇ.

ಶೋಕೇಸಿನಲ್ಲಿಟ್ಟ ಕಾರಿನ ಟೈರುಗಳು ತಳದ ಪ್ಲಾಸ್ಟಿಕ್ಕನ್ನು ಕರಗಿಸಿ ಅಂಟಿಕೊಂಡಿವೆ. ಬಿಸಿಲು ಬೀಳುವ ಜಾಗವಲ್ಲ.
– ಓದುಗರು, ಉಡುಪಿ

ಬಿಸಿಲಿಗೆ ಸಂಬಂಧವಿಲ್ಲ. ಕಿಟ್‌ನ ಮೆತ್ತನೆ ವಿನೈಲ್ ಟೈರನ್ನು ಮೆತ್ತಗಿಡಲು ಹಾಕಿದ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಹೊರಗೆ ಬರುತ್ತದೆ. ಅದು ತಾಗಿದ ಪಾಲಿಸ್ಟೈರೀನ್ ಕರಗುತ್ತದೆ. ಟೈರ್ ಮತ್ತು ತಳದ ನಡುವೆ ತೆಳು ಗಾಜಿನ ತುಂಡು ಇಡಿ. ಚಕ್ರದ ರಿಮ್‌ಗೂ ಇದೇ ಅಪಾಯ ಇದೆ. ಟೈರ್ ಹಾಕುವ ಮೊದಲು ರಿಮ್‌ನ ಸುತ್ತ ಬೇರ್-ಮೆಟಲ್ ಫಾಯಿಲ್‌ನ ಒಂದು ಸುತ್ತು ಅಂಟಿಸಿಬಿಡಿ.